ಸಹಾಯಾರ್ಥ ಓಟಕ್ಕೆ ದೇಹದ ತಯಾರಿ



ಹಿಂದೊಮ್ಮೆ ಇಲ್ಲಿ ಓಟದ ವಿಷಯ ತೆಗೆದಾಗ ಸವದತ್ತಿ ಕಡೆಯ ಅಜ್ಜಿಯೊಬ್ಬರು, "ಓಡಿದ್ರ ರೊಕ್ಕಾ ಯಾರ ಕೊಡ್ತಾರವಾ ತಂಗಿ?" ಎಂದು ಕೇಳಿದರು. ಎಲ್ಲರೂ ನಕ್ಕರು. ಆದರೆ ಅಜ್ಜಿ ಕೇಳಿದ್ದು ಸರಿಯಾದ ಪ್ರಶ್ನೆಯೇ. ಮುಂಬಯಿಯಲ್ಲಿ 2004ರಲ್ಲಿ ದೊಡ್ಡ ಮ್ಯಾರಥಾನ್ ಶುರುವಾಯಿತು. ಬೆಂಗಳೂರಿನಲ್ಲಿ 2008ರಲ್ಲಿ 10 ಕಿ.ಮೀ. ಓಟ ಶುರುವಾಯಿತು. ಇಂಥ ಓಟಗಳಲ್ಲಿ ಅನೇಕರು ಒಂದು ಸೇವಾ ಸಂಸ್ಥೆಯನ್ನು ಆರಿಸಿಕೊಂಡು, "ನಾನು ಇಷ್ಟು ದೂರ ಓಡುತ್ತೇನೆ, ನೀವು ಆ ಸಂಸ್ಥೆಗೆ ಕೈಲಾದಷ್ಟು ಕೊಡಿರಿ" ಎಂದು ಬಂಧುಬಳಗದವರನ್ನು ಕೇಳುತ್ತಾರೆ. ಹಣ ಸಂಸ್ಥೆಗೆ ಹೋಗಬೇಕು, ಕೊಟ್ಟವರಿಗೆ ರಸೀದಿ ಬರಬೇಕು. ರಸೀದಿ ಇಲ್ಲದೆ ಯಾರಿಗೂ ಕೊಡಬೇಡಿರಿ.

ಕೆನಡಾ ದೇಶದ ಟೆರ್ರಿ ಫಾಕ್ಸ್ ಎಂಬ ಯುವಕನಿಗೆ ಮೂಳೆಯ ಕ್ಯಾನ್ಸರ್ ಆಗಿ 1977ರಲ್ಲಿ ಬಲಗಾಲನ್ನು ಮಂಡಿಯ ಮೇಲೆ ಕತ್ತರಿಸಬೇಕಾಯಿತು. ಆಗ ಅವನಿಗೆ 18 ವರ್ಷ. ಆಸ್ಪತ್ರೆಯಲ್ಲಿ ಕಂಡ ಇತರ ರೋಗಿಗಳ ನೋವು ಅವನ ಮನಸ್ಸಿನಲ್ಲಿ ಉಳಿಯಿತು. ಕೃತಕ ಕಾಲು ಕಟ್ಟಿಕೊಂಡು, ಒಂದು ವರ್ಷಕ್ಕೂ ಹೆಚ್ಚು ಕಾಲ ತಯಾರಿ ಮಾಡಿ, 1980ರ ಏಪ್ರಿಲ್ 12ರಂದು ಓಡಲು ಹೊರಟ. ಕ್ಯಾನ್ಸರ್ ಸಂಶೋಧನೆಗೆ ದೇಶದ ಪ್ರತಿಯೊಬ್ಬರಿಂದ ಒಂದೊಂದು ಡಾಲರ್ ಕೂಡಿಸಬೇಕೆಂಬುದು ಅವನ ಆಸೆಯಾಗಿತ್ತು. 143 ದಿನಗಳಲ್ಲಿ 5,373 ಕಿ.ಮೀ. ಓಡಿದ. ಕ್ಯಾನ್ಸರ್ ಶ್ವಾಸಕೋಶಕ್ಕೆ ಹರಡಿದ್ದರಿಂದ ಅಲ್ಲಿಗೆ ನಿಲ್ಲಿಸಬೇಕಾಯಿತು. 1981ರ ಜೂನ್‌ನಲ್ಲಿ ತೀರಿಕೊಂಡ. ಅಷ್ಟರೊಳಗೆ ಅವನು ಬಯಸಿದಷ್ಟು ಹಣ ಕೂಡಿತ್ತು.

ಅವನ ಓಟವನ್ನು ಎಲ್ಲರೂ ನೆನೆಯುತ್ತಾರೆ. ಆ ಒಂದು ವರ್ಷದ ತಯಾರಿಯನ್ನು ನೆನೆಯುವವರು ಕಡಿಮೆ. ನಾನೂ ಮರೆತವಳೇ.

ಮೂತ್ರಪಿಂಡದ ರೋಗಿಗಳ ಡಯಾಲಿಸಿಸ್‌ಗೆ ನೆರವಾಗಲೆಂದು ಬೆಂಗಳೂರಿನ 10 ಕಿ.ಮೀ. ಓಟಕ್ಕೆ ನಾನು ಹೆಸರು ಕೊಟ್ಟೆ. ಬಳಗದವರು ಹಣ ಕೊಡಲು ಒಪ್ಪಿದರು. ಮೂರನೇ ವಾರಕ್ಕೇ ಎದುಸಿರು ಬರತೊಡಗಿತು. ಮೆಟ್ಟಿಲು ಹತ್ತಿದರೆ ಎದೆ ಡವಡವ. ರಾತ್ರಿ ಪಾಳಿಯ ದಣಿವು ಅಂದುಕೊಂಡೆ, ಸೋಮಾರಿತನವೆಂದು ನನ್ನನ್ನೇ ಬೈದುಕೊಂಡೆ, ಇನ್ನೂ ಹೆಚ್ಚು ಓಡಿದೆ. ಒಂದು ಮುಂಜಾನೆ ಕಣ್ಣು ಕತ್ತಲೆ ಬಂದು ಹೊಲದ ಬದುವಿನ ಮೇಲೆ ಕುಳಿತುಬಿಟ್ಟೆ. ರಕ್ತ ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ 8.9 ಇತ್ತು. ಹೆಣ್ಣುಮಕ್ಕಳಿಗೆ ಕನಿಷ್ಠ 12 ಇರಬೇಕೆಂದು ಹತ್ತಾರು ವರ್ಷದಿಂದ ಇತರರಿಗೆ ಪಾಠ ಹೇಳುವವಳು, ನನ್ನದನ್ನು ಎಷ್ಟೋ ವರ್ಷ ನೋಡಿಕೊಂಡಿರಲಿಲ್ಲ!

ಆ ವರ್ಷ ಓಡಲಿಲ್ಲ. ಹಣ ಕೊಡಲು ಒಪ್ಪಿದವರಿಗೆಲ್ಲ ಫೋನ್ ಮಾಡಿ ಹೇಳುವಾಗ ನಾಚಿಕೆಯಾಯಿತು. ವೈದ್ಯರು ಹೇಳಿದಂತೆ ಕಬ್ಬಿಣಾಂಶದ ಗುಳಿಗೆ ತಗೊಂಡೆ. ಗುಳಿಗೆಯ ಜೊತೆ ಲಿಂಬೆರಸ ಒಳ್ಳೆಯದು, ಚಹಾ ಮಾತ್ರ ಬೇಡ. ಎರಡರ ನಡುವೆ ಒಂದೆರಡು ತಾಸು ಅಂತರ ಇರಲಿ. ಮಲ ಕಪ್ಪಗಾಗುತ್ತದೆ, ಹೆದರಬೇಡಿರಿ. ಸುಸ್ತು ಕಡಿಮೆಯಾಯಿತೆಂದು ನಡುವೆ ಬಿಡಬಾರದು, ರಕ್ತ ಸರಿಯಾದ ಮೇಲೂ ಕೆಲವು ತಿಂಗಳು ಮುಂದುವರಿಸಬೇಕಾಗುತ್ತದೆ. ಮರುವರ್ಷ ಓಡಿದೆ, ಒಂದೂವರೆ ತಾಸು ಹಿಡಿಯಿತು. ನನಗಿಂತ ಹಿರಿಯರು ಎಷ್ಟೋ ಜನ ಮುಂದೆ ಹೋದರು.

ಪೂರ್ಣ ಮ್ಯಾರಥಾನ್ ಎಂದರೆ 42.195 ಕಿ.ಮೀ., ಬೈಲಹೊಂಗಲದಿಂದ ಬೆಳಗಾವಿಗೆ ಹೋದಂತೆ. ಅಲ್ಲಿಂದ ಯಾರೂ ಆರಂಭಿಸಬಾರದು. ಮೊದಲ ಎರಡು ವಾರ ದಿನಕ್ಕೆ ಅರ್ಧ ತಾಸು ಬಿರುಸಾಗಿ ನಡೆಯಿರಿ, ವಾರಕ್ಕೆ ನಾಲ್ಕು ದಿನ. ಆಮೇಲೆ ಒಂದು ನಿಮಿಷ ನಿಧಾನ ಓಟ, ಎರಡು ನಿಮಿಷ ನಡಿಗೆ, ಹೀಗೆ ಎಂಟು ಸಲ. ಓಡುವಾಗ ಪಕ್ಕದವರೊಡನೆ ಮಾತಾಡಲು ಬರಬೇಕು. ಮಾತು ತುಂಡಾದರೆ ವೇಗ ಹೆಚ್ಚಾಯಿತೆಂದು ತಿಳಿಯಿರಿ. 10 ಕಿ.ಮೀ.ಗೆ ಮೂರು ತಿಂಗಳಾದರೂ ಬೇಕು. ರಾಮದುರ್ಗದ ಕಡೆ ಮಗ್ಗದ ಮುಂದೆ ದಿನವಿಡೀ ಕೂಡುವವರಿಗೆ ಇನ್ನೂ ಹೆಚ್ಚು ಸಮಯ ಬೇಕಾದೀತು. ವಿಶ್ರಾಂತಿಯ ದಿನವೂ ತಯಾರಿಯ ದಿನವೇ, ಆ ದಿನ ಸ್ನಾಯುಗಳು ಚೇತರಿಸಿಕೊಳ್ಳುತ್ತವೆ.

ಎರೆಹೊಲದ ದಾರಿ ಕಾಲಿಗೆ ಮೆತ್ತಗೆ, ಆದರೆ ಚಕ್ಕಡಿ ಜಾಡಿನಲ್ಲಿ ಪಾದ ಹೊರಳುತ್ತದೆ. ಬೆಳಕಾದ ಮೇಲೆಯೇ ಹೊರಡಿರಿ, ಬೇಸಿಗೆಯಲ್ಲಿ ಏಳು ಗಂಟೆಯೊಳಗೆ ಮುಗಿಸಿರಿ. ಶ್ರೀಶೈಲಕ್ಕೆ ಪಾದಯಾತ್ರೆ ಹೋಗಿ ಬಂದವರ ಪಾದದ ಗುಳ್ಳೆಗಳನ್ನು ತಾವು ನೋಡಿದ್ದೀರಿ. ಹೊಸ ಬೂಟನ್ನು ಓಟದ ದಿನ ಮೊದಲ ಸಲ ಹಾಕಬಾರದು. ನೀರಡಿಕೆಯಾದಷ್ಟು ನೀರು ಕುಡಿದರೆ ಸಾಕು. ಬರೀ ನೀರನ್ನೇ ಅತಿಯಾಗಿ ಕುಡಿದರೆ ರಕ್ತದಲ್ಲಿನ ಉಪ್ಪಿನಂಶ ಇಳಿದು ಅಪಾಯವಾಗಬಹುದು. ಬಹಳ ಬೆವರಿದ ಮೇಲೆ ಉಪ್ಪು ಹಾಕಿದ ಮಜ್ಜಿಗೆ ಒಳ್ಳೆಯದು. ಬಿ.ಪಿ. ಅಥವಾ ಮೂತ್ರಪಿಂಡದ ತೊಂದರೆ ಇದ್ದವರು ಉಪ್ಪಿನ ವಿಷಯ ವೈದ್ಯರನ್ನು ಕೇಳಿರಿ.

ಸಕ್ಕರೆ ಕಾಯಿಲೆಯವರು, ಹೃದಯದ ಚಿಕಿತ್ಸೆ ಆದವರು ವೈದ್ಯರ ಒಪ್ಪಿಗೆ ಇಲ್ಲದೆ ಓಟ ಶುರು ಮಾಡಲೇಬಾರದು. ಇನ್ಸುಲಿನ್ ತಗೊಳ್ಳುವವರ ಕಿಸೆಯಲ್ಲಿ ಸಕ್ಕರೆ ಇರಲಿ. ನಡುಕ, ತಣ್ಣನೆ ಬೆವರು ಬಂದರೆ ಅಲ್ಲೇ ನಿಂತು ಮೂರು ಚಮಚೆ ತಿನ್ನಿರಿ. ಪಾದದಲ್ಲಿ ಸ್ಪರ್ಶ ಕಡಿಮೆಯಾದವರಿಗೆ ಓಟ ಬೇಡ, ಬರಿಗಾಲ ನಡಿಗೆಯೂ ಬೇಡ. ಎದೆ ಬಿಗಿದು ನೋವು ಎಡಗೈಗೋ ದವಡೆಗೋ ಹರಿದರೆ "ಗ್ಯಾಸ್ ಆಗೇತಿ" ಎಂದು ಸೋಡಾ ಕುಡಿಯುತ್ತ ಕೂಡದೆ 108ಕ್ಕೆ ಫೋನ್ ಮಾಡಿರಿ. ಬಿಸಿಲಲ್ಲಿ ಓಡಿದವರು ತೊದಲಿ ಅಸಂಬದ್ಧ ಮಾತಾಡತೊಡಗಿದರೆ ನೆರಳಿಗೆ ತಂದು ಮೈಮೇಲೆ ನೀರು ಸುರಿದು ಗಾಳಿ ಹಾಕುತ್ತ, ತಡಮಾಡದೆ 108ನ್ನು ಕರೆಯಿರಿ. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹಾಕಬೇಡಿರಿ.

ಕೊನೆಯದಾಗಿ, ರೋಗಿಗಳ ಜೊತೆ ಇರುವವರಿಗೆ ಒಂದು ಮಾತು. ದಿನಗಟ್ಟಲೆ ಬೆಂಚಿನ ಮೇಲೆ ಕುಳಿತು ತಮ್ಮ ಕಾಲು ಬಾತಿರುತ್ತವೆ. ಇವತ್ತು ಸಂಜೆ ಆಸ್ಪತ್ರೆಯ ಆವರಣದಲ್ಲಿ ಹದಿನೈದು ನಿಮಿಷ ನಡೆಯಿರಿ. ಒಂದೇ ಕಾಲು ಬಾತು ನೋಯುತ್ತಿದ್ದರೆ ನಡೆಯದೆ ಮೊದಲು ನಮಗೆ ತೋರಿಸಿರಿ. ಹೊರಡುವ ಮುಂಚೆ ಪಾಳಿಯಲ್ಲಿರುವ ಸಿಸ್ಟರ್‌ಗೆ ಹೇಳಿ ಹೋಗಿರಿ. ತಾವು ಬರುವವರೆಗೆ ನಿಮ್ಮವರ ಮಂಚದ ಕಡೆ ಅವರು ಒಂದು ಕಣ್ಣು ಇಟ್ಟಿರುತ್ತಾರೆ.