ತೆರೆಯ ಮೇಲಿನ ಜಗಲಿ



ಗೋಡೆಗೆ ಕ್ಯಾಲೆಂಡರ್ ತೂಗುಹಾಕುವಾಗ ನಮ್ಮ ಹಿರಿಯರು ಎರಡು ಸಂಗತಿಗಳನ್ನು ನೋಡುತ್ತಿದ್ದರು. ಚಿತ್ರ ಕಣ್ಣಿಗೆ ಹಿತವಾಗಿರಬೇಕು. ತಿಥಿವಾರಗಳು ದೂರದಿಂದಲೇ ಕಾಣಬೇಕು. ಕಂಪ್ಯೂಟರಿನ ತೆರೆಗೆ ಹಿನ್ನೆಲೆಯಾಗಿ ನಾವು ಹಾಕಿಕೊಳ್ಳುವ, ವಾಲ್‌ಪೇಪರ್ ಎನ್ನಿಸಿಕೊಳ್ಳುವ ಚಿತ್ರಕ್ಕೂ ಇದೇ ನಿಯಮ. ಅದು ಚೆಲುವಾಗಿರಬೇಕು, ಆದರೆ ತನ್ನ ಮೇಲೆ ಕುಳಿತ ಕಡತಗಳ ಹೆಸರನ್ನು ನುಂಗಬಾರದು. ಕಾವ್ಯದ ಜೀವವೇ ಔಚಿತ್ಯವೆಂದು ಹನ್ನೊಂದನೆಯ ಶತಮಾನದಲ್ಲಿ ಕಾಶ್ಮೀರದ ಕ್ಷೇಮೇಂದ್ರ ವಾದಿಸಿದ. ಆ ಮಾತನ್ನು ತರಗತಿಯಲ್ಲಿ ಎಷ್ಟೋ ವರ್ಷ ವಿವರಿಸಿದ ನಾನು, ನಿವೃತ್ತನಾದ ಮೇಲೆ ಅದನ್ನು ಇಂಥ ಕಡೆ ಪ್ರಯೋಗಿಸಿ ನೋಡುವೆನೆಂದು ಎಣಿಸಿರಲಿಲ್ಲ.

ಜಗತ್ತಿನಲ್ಲಿ ಬಹಳ ಜನ ಕಂಡಿರುವ ಛಾಯಾಚಿತ್ರಗಳಲ್ಲಿ ಒಂದು ಇಂಥ ಹಿನ್ನೆಲೆಯ ಚಿತ್ರವೇ. ಹಸುರು ಗುಡ್ಡ, ನೀಲಿ ಬಾನು, ಬಿಳಿಯ ಮೋಡ. ಕ್ಯಾಲಿಫೋರ್ನಿಯದ ಸೊನೋಮಾ ಸೀಮೆಯಲ್ಲಿ ಚಾರ್ಲ್ಸ್ ಓರಿಯರ್ ಎಂಬ ಛಾಯಾಗ್ರಾಹಕರು 1996ರಲ್ಲಿ ಅದನ್ನು ತೆಗೆದರು. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯೊಡನೆ ಅದು ಊರೂರಿನ ಕಚೇರಿಗಳನ್ನು ಹೊಕ್ಕಿತು. ನನ್ನ ಮೇಜಿನ ಮೇಲೂ ಆ ಗುಡ್ಡ ಬಹುಕಾಲ ಇತ್ತು. ಚೆಲುವಾದ ಗುಡ್ಡವೇ, ಆದರೆ ನಾನು ಹತ್ತದ ಗುಡ್ಡ. ನನ್ನ ತೆರೆಯ ಮೇಲೆ ನನ್ನದೇ ನೆಲವೊಂದಿರಲಿ ಎನ್ನಿಸಿತು.

ನನ್ನಲ್ಲಿದ್ದದ್ದು ಒಂದು ಹಳೆಯ ಪಟ. ಮಲೆನಾಡಿನ ನಮ್ಮ ಮನೆಯ ಜಗಲಿ. ಅಲ್ಲಿ ನಮ್ಮ ತಾಯಿ ಹೂವು ಕಟ್ಟುತ್ತ ಕುಳಿತಿದ್ದಾರೆ. ಇಂದು ಆ ಮನೆಯೂ ಇಲ್ಲ, ತಾಯಿಯೂ ಇಲ್ಲ. ಪಟದ ಅಗಲ ಐದು ಅಂಗುಲ, ಎತ್ತರ ಮೂರೂವರೆ. ಅಂಗುಲಕ್ಕೆ 300 ಚುಕ್ಕೆಯಂತೆ ಸ್ಕ್ಯಾನ್ ಮಾಡಿದರೆ ಅಗಲಕ್ಕೆ ದೊರೆಯುವುದು 1500 ಚುಕ್ಕೆ ಮಾತ್ರ. ನನ್ನ ತೆರೆಗೆ ಬೇಕಾದದ್ದು ಅಡ್ಡಕ್ಕೆ 1920, ಲಂಬಕ್ಕೆ 1080. ಚಿಕ್ಕದನ್ನು ಹಿಗ್ಗಿಸಿದರೆ ಚಿತ್ರ ಮಬ್ಬಾಗುತ್ತದೆ. 600ರಂತೆ ಮಾಡಿದಾಗ 3000 ಚುಕ್ಕೆ ಬಂದು ಸಾಕಾಯಿತು. ಇನ್ನು ಆಕಾರದ ಪ್ರಶ್ನೆ. ತೆರೆಯ ಪ್ರಮಾಣ ಹದಿನಾರಕ್ಕೆ ಒಂಬತ್ತು. ಪಟದ್ದು ಹತ್ತಕ್ಕೆ ಏಳು. ಎಳೆದು ಹೊಂದಿಸಿದರೆ ತಾಯಿಯ ಮುಖ ಅಗಲವಾಗುತ್ತದೆ. ಆದ್ದರಿಂದ ಮೇಲೆ ಹೆಂಚಿನ ಒಂದು ಪಟ್ಟಿಯನ್ನೂ ಕೆಳಗೆ ಅಂಗಳದ ಒಂದು ಪಟ್ಟಿಯನ್ನೂ ಕತ್ತರಿಸಿದೆ.

ಈ ಕೆಲಸಕ್ಕೆ ನಾನು ಬಳಸಿದ್ದು ಜಿಂಪ್ ಎಂಬ ತಂತ್ರಾಂಶ. ಬರ್ಕ್ಲಿಯ ವಿಶ್ವವಿದ್ಯಾಲಯದ ಇಬ್ಬರು ವಿದ್ಯಾರ್ಥಿಗಳು, ಸ್ಪೆನ್ಸರ್ ಕಿಂಬಾಲ್ ಮತ್ತು ಪೀಟರ್ ಮ್ಯಾಟಿಸ್, 1995ರಲ್ಲಿ ಆರಂಭಿಸಿದ್ದು. ಯಾರೂ ಹಣ ತೆರದೆ ಪಡೆಯಬಹುದು. ಇದರ ಜೀವಾಳ ಲೇಯರ್ ಎಂಬ ಪದರ. ಗಾಜಿನ ಹಾಳೆಗಳನ್ನು ಒಂದರ ಮೇಲೊಂದು ಇರಿಸಿದಂತೆ; ಮೇಲಿನದರಲ್ಲಿ ಏನು ಬಳಿದರೂ ಕೆಳಗಿನದು ಹಾಗೆಯೇ ಉಳಿದಿರುತ್ತದೆ. ಕ್ಲೋನ್ ಎಂಬುದು ಇನ್ನೊಂದು ಸಾಧನ. ಚಿತ್ರದ ಒಂದೆಡೆಯ ಬಣ್ಣವನ್ನು ಎತ್ತಿ ಮತ್ತೊಂದೆಡೆ ಬಳಿಯುತ್ತದೆ.

ಪಟದ ಎಡ ಅಂಚಿನಲ್ಲಿ ಒಂದು ಕೈ ಮಾತ್ರ ಕಾಣುತ್ತಿತ್ತು. ಬಾಳೆಯ ನಾರು ಹಿಡಿದು ಚಾಚಿದ ಕೈ. ಮೈಯೆಲ್ಲ ಚೌಕಟ್ಟಿನ ಹೊರಗೆ. ಕಡತಗಳ ಗುರುತುಗಳು ಸಾಲಾಗಿ ನಿಲ್ಲುವುದೂ ಎಡಗಡೆಯೇ. ಅರೆಬರೆ ಕೈ ಅನುಚಿತವೆಂದು ಬಗೆದು, ಪಕ್ಕದ ಸುಣ್ಣದ ಗೋಡೆಯನ್ನು ಅದರ ಮೇಲೆ ಬಳಿದೆ. ಕೈ ಇದ್ದ ಕುರುಹೇ ಉಳಿಯಲಿಲ್ಲ. ನನ್ನ ಕೌಶಲವನ್ನು ನಾನೇ ಮೆಚ್ಚಿಕೊಂಡೆ.

ಕೆಲವು ದಿನಗಳ ಮೇಲೆ ಅಕ್ಕ ಬಂದಿದ್ದಳು. ತೋರಿಸಿದೆ. ಬಹಳ ಹೊತ್ತು ನೋಡಿ, "ಚೆನ್ನಾಗಿದೆ ಕಣೋ. ಅಪ್ಪಯ್ಯನ ಕೈ ಎಲ್ಲಿ ಹೋಯ್ತು?" ಎಂದಳು. ಅಮ್ಮ ಹೂವು ಕಟ್ಟುವಾಗ ನಾರು ಸೀಳಿ ಕೊಡುತ್ತಿದ್ದವರು ಅಪ್ಪಯ್ಯ. ಅವರಿಬ್ಬರೂ ಒಂದು ಕೆಲಸದಲ್ಲಿ ಜೊತೆಯಾಗಿರುವ ಪಟ ನಮ್ಮಲ್ಲಿ ಬೇರೊಂದಿಲ್ಲ.

ಗ್ರಂಥಸಂಪಾದನೆಯ ಪಾಠ ಹೇಳಿದವನು ನಾನು. ಓಲೆಯ ಪ್ರತಿಕಾರನು ತನಗೆ ತಿಳಿಯದ ಪದವನ್ನು ತಪ್ಪೆಂದು ಭಾವಿಸಿ ಸುಲಭವಾದ ಪದವನ್ನು ಇಟ್ಟುಬಿಡುತ್ತಾನೆ; ಆದ್ದರಿಂದ ಕ್ಲಿಷ್ಟಪಾಠವೇ ಹಲವೊಮ್ಮೆ ಮೂಲಪಾಠ; ತ್ರುಟಿತವಾದಲ್ಲಿ ಚುಕ್ಕೆಯಿಟ್ಟು ಬಿಡಿ, ನಿಮ್ಮ ಪದ ತುಂಬಬೇಡಿ ಎಂದು ವರ್ಷವರ್ಷವೂ ವಿದ್ಯಾರ್ಥಿಗಳಿಗೆ ಹೇಳಿದ್ದೆ. ಈಗ ಆ ಪ್ರತಿಕಾರ ನಾನೇ ಆಗಿದ್ದೆ. ಔಚಿತ್ಯದ ಹೆಸರಿನಲ್ಲಿ ತಂದೆಯನ್ನೇ ಅಳಿಸಿದ್ದೆ.

ಸುಣ್ಣ ಬಳಿದದ್ದು ಮೇಲಿನ ಪದರದಲ್ಲಿ ಎಂಬುದೊಂದೇ ನನ್ನ ಪುಣ್ಯ. ಆ ಪದರದ ಹೆಸರಿನ ಪಕ್ಕದಲ್ಲಿರುವ ಕಣ್ಣಿನ ಗುರುತನ್ನು ಒತ್ತಿದೆ. ಗೋಡೆ ಸರಿಯಿತು, ಕೈ ಮರಳಿ ಬಂತು.

ಕಂಪ್ಯೂಟರ್ ಬಲ್ಲ ಕೇಳುಗರಲ್ಲಿ ನನ್ನ ಅರಿಕೆ ಇಷ್ಟೆ. ನಿಮ್ಮ ತೆರೆಯ ಚಿತ್ರವನ್ನು ನೀವೇ ಮಾಡಿಕೊಳ್ಳಿ. ಅದು ಕಷ್ಟದ ವಿದ್ಯೆಯಲ್ಲ. ಆದರೆ ಮೂಲದ ಪ್ರತಿಯನ್ನು ಮುಟ್ಟದೆ ಬೇರೆಯಾಗಿ ಇರಿಸಿ. ತಿದ್ದುವ ಪ್ರತಿಯನ್ನು ಜಿಂಪಿನ ಸ್ವಂತ ರೂಪವಾದ ಎಕ್ಸ್‌ಸಿಎಫ್‌ನಲ್ಲಿ ಉಳಿಸಿದರೆ ಪದರಗಳು ಉಳಿಯುತ್ತವೆ. ಜೆಪೆಗ್ ಮಾಡಿದೊಡನೆ ಎಲ್ಲವೂ ಒಂದಾಗಿ ಬೆಸೆದುಹೋಗುತ್ತವೆ. ಅಂಚಿನಲ್ಲಿ ಅರ್ಥವಾಗದ್ದೇನಾದರೂ ಕಂಡರೆ, ಅಳಿಸುವ ಮೊದಲು ಮನೆಯ ಹಿರಿಯರನ್ನು ಒಮ್ಮೆ ಕೇಳಿ.

ಕಡತಗಳ ಗುರುತುಗಳನ್ನು ನಾನೀಗ ಬಲಕ್ಕೆ ಸರಿಸಿದ್ದೇನೆ. ಎಡಗಡೆ ಅಪ್ಪಯ್ಯ ನಾರು ಕೊಡುತ್ತಿದ್ದಾರೆ.