ಚರಂಡಿ ಶುಚಿಗೊಳಿಸುವ ವಿದ್ಯುತ್ ಯಂತ್ರ: ಸುರಕ್ಷಿತ ಬಳಕೆಯ ಕ್ರಮ ಮತ್ತು ಗ್ರಾಮ ಪಂಚಾಯಿತಿಯ ಹೊಣೆ



2019ರಲ್ಲಿ ಜಲ ಜೀವನ್ ಮಿಷನ್ ಆರಂಭವಾದ ಮೇಲೆ ಗ್ರಾಮೀಣ ಮನೆಗಳ ಅಂಗಳಕ್ಕೆ ನಲ್ಲಿ ನೀರು ಬರತೊಡಗಿತು. ಪ್ರತಿ ವ್ಯಕ್ತಿಗೆ ದಿನಕ್ಕೆ 55 ಲೀಟರ್ ನೀರು ಒದಗಿಸುವುದು ಆ ಯೋಜನೆಯ ಮಾನದಂಡ. ಐದು ಜನರ ಮನೆಗೆ ಅದು 275 ಲೀಟರ್. ಕುಡಿಯಲು ಮತ್ತು ಅಡುಗೆಗೆ ಹೋಗುವುದು ಅದರಲ್ಲೊಂದು ಸಣ್ಣ ಪಾಲು. ಉಳಿದದ್ದು ಬಚ್ಚಲಿನಿಂದ, ಪಾತ್ರೆ ತೊಳೆಯುವ ಕಟ್ಟೆಯಿಂದ ಹೊರಬಿದ್ದು ಚರಂಡಿಯನ್ನು ಸೇರುತ್ತದೆ. ನೀರಿನೊಂದಿಗೆ ಕೂದಲು, ಬೂದಿ, ಸೋಪಿನ ಜಿಡ್ಡು, ಅನ್ನದ ಗಂಜಿ, ಶಾಂಪೂ ಮತ್ತು ಗುಟ್ಕಾ ಚೀಟಿಗಳು, ಹಳೆಯ ಬಟ್ಟೆಯ ಚೂರುಗಳೂ ಹರಿಯುತ್ತವೆ. ಕೊಳವೆಯ ಕೀಲು ಸಡಿಲವಾಗಿದ್ದರೆ ಮರದ ಬೇರು ಒಳಹೊಕ್ಕು ಇವೆಲ್ಲವನ್ನೂ ತಡೆದು ನಿಲ್ಲಿಸುತ್ತದೆ. ಹೀಗೆ ಕಟ್ಟಿಕೊಂಡ ಕೊಳವೆಯನ್ನು ತೆರವುಗೊಳಿಸುವ ಕೆಲಸ ಇಂದು ಪ್ರತಿ ಗ್ರಾಮ ಪಂಚಾಯಿತಿಯ ನಿತ್ಯದ ಕೆಲಸವಾಗಿದೆ.

ಈ ಕೆಲಸವನ್ನು ತಲೆತಲಾಂತರದಿಂದ ಕೆಲವೇ ಸಮುದಾಯಗಳ ಕೈಗೆ ಹೊರಿಸಿದ್ದು ಸಮಾಜದ ಅನ್ಯಾಯ. 1970ರ ದಶಕದಲ್ಲಿ ದೇವರಾಜ ಅರಸು ಅವರ ಸಚಿವ ಸಂಪುಟದಲ್ಲಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ಕರ್ನಾಟಕದಲ್ಲಿ ನಿಷೇಧಿಸಿದರು. 2013ರ ಕೇಂದ್ರ ಅಧಿನಿಯಮವು ಮಲ ಹೊರುವ ವೃತ್ತಿಗೆ ಯಾರನ್ನೂ ನೇಮಿಸದಂತೆ ತಡೆಯುವುದರ ಜೊತೆಗೆ, ಒಳಚರಂಡಿ ಮತ್ತು ಸೆಪ್ಟಿಕ್ ಟ್ಯಾಂಕುಗಳ ಅಪಾಯಕಾರಿ ಶುಚೀಕರಣಕ್ಕೆ ಯಾರನ್ನೂ ನೇರವಾಗಿಯಾಗಲಿ ಪರೋಕ್ಷವಾಗಿಯಾಗಲಿ ತೊಡಗಿಸಬಾರದೆಂದು 7ನೆಯ ಪ್ರಕರಣದಲ್ಲಿ ವಿಧಿಸಿತು. ಅದೇ ಅಧಿನಿಯಮದ 33ನೆಯ ಪ್ರಕರಣವು ಸೂಕ್ತ ಯಂತ್ರೋಪಕರಣಗಳನ್ನು ಬಳಸುವುದು ಪ್ರತಿಯೊಂದು ಸ್ಥಳೀಯ ಪ್ರಾಧಿಕಾರದ ಕರ್ತವ್ಯವೆಂದು ಹೇಳುತ್ತದೆ. ಯಂತ್ರ ಪಂಚಾಯಿತಿಗೆ ಬರುವುದು ಈ ಕರ್ತವ್ಯದ ಪಾಲನೆಗಾಗಿ. ಅದು ಅಲಂಕಾರದ ವಸ್ತುವಲ್ಲ, ಔದಾರ್ಯದ ಕಾಣಿಕೆಯೂ ಅಲ್ಲ.

ಆದರೆ ಯಂತ್ರ ಬಂದಾಕ್ಷಣ ಅಪಾಯ ಹೋಯಿತೆಂದು ತಿಳಿಯುವುದು ತಪ್ಪು. ಯಂತ್ರವು ಮನುಷ್ಯನನ್ನು ಗುಂಡಿಯಿಂದ ಹೊರಗೆ ನಿಲ್ಲಿಸುತ್ತದೆ. ಅಪಾಯ ಮಾತ್ರ ಗುಂಡಿಯ ತಳದಿಂದ ಅವನ ಅಂಗೈಗೆ ಬಂದು ಕೂರುತ್ತದೆ. ಅದನ್ನು ತಿಳಿಯಲು ಯಂತ್ರದ ರಚನೆಯನ್ನು ಅರಿಯಬೇಕು.

ಯಂತ್ರದ ರಚನೆ

ಸಾಮಾನ್ಯವಾಗಿ ಬಳಕೆಯಲ್ಲಿರುವುದು ಡ್ರಮ್ ಮಾದರಿಯ ಯಂತ್ರ. ದುಂಡನೆಯ ಡ್ರಮ್ಮಿನೊಳಗೆ ಬಾಗಬಲ್ಲ ಉಕ್ಕಿನ ಕೇಬಲ್ ಸುತ್ತಿಕೊಂಡಿರುತ್ತದೆ. ವಿದ್ಯುತ್ ತಂತಿಯೊಂದಿಗೆ ಗೊಂದಲವಾಗದಂತೆ ಇಲ್ಲಿ ಅದನ್ನು ‘ಸ್ಪ್ರಿಂಗ್’ ಎಂದೇ ಕರೆಯಲಾಗಿದೆ. ಸ್ಪ್ರಿಂಗಿನ ತುದಿಗೆ ಕತ್ತರಿಸುವ ಅಲಗನ್ನು ಜೋಡಿಸಲಾಗುತ್ತದೆ. ಮೋಟಾರು ಡ್ರಮ್ಮನ್ನು ತಿರುಗಿಸುತ್ತದೆ, ಡ್ರಮ್ಮು ಸ್ಪ್ರಿಂಗನ್ನು, ಸ್ಪ್ರಿಂಗು ಅಲಗನ್ನು. ಅಮೆರಿಕದ ಅಯೋವಾ ರಾಜ್ಯದ ಸ್ಯಾಮ್ಯುಯೆಲ್ ಬ್ಲಾಂಕ್ ಎಂಬವರು 1930ರ ದಶಕದಲ್ಲಿ ಬಟ್ಟೆ ಒಗೆಯುವ ಯಂತ್ರದ ಮೋಟಾರಿಗೆ ಉಕ್ಕಿನ ಕೇಬಲ್ ಜೋಡಿಸಿ ಇಂತಹ ಯಂತ್ರವನ್ನು ರೂಪಿಸಿದ್ದು ಕೊಳವೆಯೊಳಗಿನ ಮರದ ಬೇರುಗಳನ್ನು ಕತ್ತರಿಸಲೆಂದು. ಬೇರನ್ನು ಕತ್ತರಿಸುವ ಬಲವು ಬೆರಳನ್ನು ಉಳಿಸುವುದಿಲ್ಲ ಎಂಬುದನ್ನು ನೆನಪಿನಲ್ಲಿಡತಕ್ಕದ್ದು.

ಇಂತಹ ಅನೇಕ ಯಂತ್ರಗಳ ಡ್ರಮ್ಮು ನಿಮಿಷಕ್ಕೆ 170ರಿಂದ 200 ಸುತ್ತು ತಿರುಗುತ್ತದೆ. ಅಂದರೆ ಸೆಕೆಂಡಿಗೆ ಸುಮಾರು ಮೂರು ಸುತ್ತು. ಒಳಗೆ ಅಲಗು ಬೇರಿಗೋ ಬಟ್ಟೆಗೋ ಸಿಲುಕಿ ನಿಂತಿತೆನ್ನೋಣ. ಹೊರಗೆ ಡ್ರಮ್ಮು ನಿಲ್ಲುವುದಿಲ್ಲ. ಮೂರು ಸೆಕೆಂಡು ತಡವಾದರೆ ಒಂಬತ್ತು ಹತ್ತು ಸುತ್ತಿನ ತಿರುಚು ಸ್ಪ್ರಿಂಗಿನಲ್ಲಿ ತುಂಬಿಕೊಳ್ಳುತ್ತದೆ. ಹಗ್ಗ ಹೊಸೆಯುವಾಗ ಹೊಸೆತ ಹೆಚ್ಚಾದರೆ ಹಗ್ಗ ತಾನಾಗಿ ಕುಣಿಕೆ ಬೀಳುವುದನ್ನು ರೈತರೆಲ್ಲರೂ ಬಲ್ಲರು. ಉಕ್ಕಿನ ಸ್ಪ್ರಿಂಗೂ ಹಾಗೆಯೇ ಹೊರಗಿರುವ ಭಾಗದಲ್ಲಿ ಹಠಾತ್ತನೆ ಕುಣಿಕೆಯಾಗಿ ಮಗುಚುತ್ತದೆ. ಆ ಕುಣಿಕೆಯೊಳಗೆ ಬೆರಳು, ಮಣಿಕಟ್ಟು ಅಥವಾ ತೋಳು ಸಿಕ್ಕಿದರೆ ಮೂಳೆ ಮುರಿಯುವುದಕ್ಕೆ, ಬೆರಳು ತುಂಡಾಗುವುದಕ್ಕೆ ಕ್ಷಣ ಸಾಕು. ಈ ಯಂತ್ರದ ಸುರಕ್ಷತೆಯ ನಿಯಮಗಳಲ್ಲಿ ಬಹುಪಾಲು ಈ ಒಂದು ಕುಣಿಕೆಯನ್ನು ತಪ್ಪಿಸಲೆಂದೇ ಇವೆ.

ಕೆಲಸಕ್ಕೆ ಮುನ್ನ

ಮೊದಲನೆಯದಾಗಿ ವಿದ್ಯುತ್ತು. ಒದ್ದೆ ನೆಲದಲ್ಲಿ ನಿಂತು 230 ವೋಲ್ಟಿನ ಯಂತ್ರವನ್ನು ನಡೆಸುವ ಕೆಲಸವಿದು. ಮೂರು ಪಿನ್ನಿನ ಪ್ಲಗ್, ಮೂರು ಎಳೆಯ ತಂತಿ, ಸರಿಯಾದ ಅರ್ಥಿಂಗ್ ಇರುವ ಸಾಕೆಟ್ ಕಡ್ಡಾಯ. ಪ್ಲಗ್ ಇಲ್ಲದ ತಂತಿಯ ತುದಿಗಳನ್ನು ಬೆಂಕಿಕಡ್ಡಿಯಿಂದ ಸಾಕೆಟ್ಟಿಗೆ ಸಿಕ್ಕಿಸುವ ರೂಢಿಯನ್ನು ಸಂಪೂರ್ಣವಾಗಿ ನಿಲ್ಲಿಸತಕ್ಕದ್ದು. ಸೋರಿಕೆಯಾದ ವಿದ್ಯುತ್ತನ್ನು ಗ್ರಹಿಸಿ ಸಂಪರ್ಕವನ್ನು ಕಡಿಯುವ 30 ಮಿಲಿಆಂಪಿಯರ್ ಸಾಮರ್ಥ್ಯದ ಆರ್‌ಸಿಸಿಬಿ ಸಾಧನದ ಮೂಲಕವೇ ಸಂಪರ್ಕ ಪಡೆಯಬೇಕು. ಅದರ ಪರೀಕ್ಷಾ ಗುಂಡಿಯನ್ನು ಪ್ರತಿ ಬಾರಿ ಒತ್ತಿ ನೋಡಬೇಕು. ವಿಸ್ತರಣಾ ತಂತಿಯ ಜೋಡಣೆ ನೀರಿನಲ್ಲಿ ಬೀಳದಂತೆ ಎತ್ತರದಲ್ಲಿರಬೇಕು. ಒದ್ದೆ ಕೈಯಿಂದ ಪ್ಲಗ್ ಮುಟ್ಟಬಾರದು.

ಎರಡನೆಯದು ಕಾಲಿನ ಸ್ವಿಚ್. ಒತ್ತಿದಾಗ ಮಾತ್ರ ಯಂತ್ರ ತಿರುಗಬೇಕು, ಕಾಲು ತೆಗೆದೊಡನೆ ನಿಲ್ಲಬೇಕು. ಅದು ಕೆಟ್ಟಿದ್ದರೆ ಯಂತ್ರವನ್ನು ಬಳಸುವಂತಿಲ್ಲ. ಅದನ್ನು ಕಳಚಿ ನೇರ ಸಂಪರ್ಕ ಕೊಡುವುದು, ಅದರ ಮೇಲೆ ಕಲ್ಲು ಹೇರುವುದು ಪ್ರಾಣಕ್ಕೆ ಎರವಾಗುವ ಉಪಾಯಗಳು. ವಿದ್ಯುತ್ ಕಡಿತವಾಗಿ ಮತ್ತೆ ಬಂದಾಗ ಯಂತ್ರ ತಾನಾಗಿಯೇ ಓಡತೊಡಗುವ ಅಪಾಯವನ್ನೂ ಈ ಸ್ವಿಚ್ಚೇ ತಡೆಯುತ್ತದೆ.

ಮೂರನೆಯದು ಉಡುಪು. ಈ ಯಂತ್ರಕ್ಕೆ ತಕ್ಕ ಗಟ್ಟಿ ಚರ್ಮದ ಕೈಗವಸು ಧರಿಸಬೇಕು. ಬಟ್ಟೆಯ ಅಥವಾ ಸಡಿಲವಾದ ಕೈಗವಸು ತಿರುಗುವ ಸ್ಪ್ರಿಂಗಿನ ಸುರುಳಿಗೆ ಸಿಕ್ಕಿ ಕೈಯನ್ನೇ ಸುತ್ತಿಕೊಳ್ಳುತ್ತದೆ. ಸೋಂಕಿನ ರಕ್ಷಣೆಗೆ ಬೇಕಾದ ರಬ್ಬರ್ ಕೈಗವಸನ್ನು ಚರ್ಮದ ಕೈಗವಸಿನ ಒಳಗೆ ಧರಿಸಬೇಕು, ಹೊರಗಲ್ಲ. ಕಣ್ಣಿಗೆ ಕನ್ನಡಕ, ಕಾಲಿಗೆ ಜಾರದ ರಬ್ಬರ್ ಬೂಟು ಇರಲಿ. ಕೊರಳಿನ ಟವೆಲು, ಲುಂಗಿ, ಸಡಿಲ ತೋಳಿನ ಅಂಗಿ, ಸೀರೆಯ ಸೆರಗು, ಬಳೆ, ಉಂಗುರ, ಕೈದಾರ ಇವಾವುವೂ ಯಂತ್ರದ ಬಳಿ ಇರಕೂಡದು.

ನಾಲ್ಕನೆಯದು ವಿಚಾರಣೆ. ಮನೆಯವರು ಕೊಳವೆಗೆ ಆಮ್ಲವನ್ನೋ ಚರಂಡಿ ಪುಡಿಯನ್ನೋ ಸುರಿದಿದ್ದಾರೆಯೇ ಎಂದು ಕೇಳಿ ತಿಳಿಯಬೇಕು. ಸುರಿದಿದ್ದರೆ ಯಂತ್ರ ಇಳಿಸಬಾರದು. ಹಿಂದಕ್ಕೆ ಬರುವ ಸ್ಪ್ರಿಂಗು ಆ ದ್ರವವನ್ನು ಮುಖಕ್ಕೆ ಎರಚುತ್ತದೆ. ಕೊಳವೆಯ ವ್ಯಾಸಕ್ಕೆ ತಕ್ಕ ಸ್ಪ್ರಿಂಗ್ ಮತ್ತು ಅಲಗು ಇದೆಯೇ, ಸ್ಪ್ರಿಂಗಿನಲ್ಲಿ ಮಡಿಕೆ, ತುಕ್ಕು, ಸವೆತ ಇದೆಯೇ ಎಂಬುದನ್ನೂ ಆಗಲೇ ನೋಡಬೇಕು.

ಕೆಲಸದ ವೇಳೆ

ಯಂತ್ರವು ಕೊಳವೆಯ ಬಾಯಿಂದ ಎರಡು ಅಡಿಯೊಳಗೆ ನಿಲ್ಲಬೇಕು. ಹೊರಗೆ ಆಧಾರವಿಲ್ಲದೆ ತೂಗುವ ಸ್ಪ್ರಿಂಗ್ ಹೆಚ್ಚಿದಷ್ಟೂ ಕುಣಿಕೆ ಬೀಳಲು ಎಡೆ ಹೆಚ್ಚುತ್ತದೆ. ಹತ್ತಿರ ತರಲು ಸಾಧ್ಯವಾಗದಿದ್ದರೆ, ಕೊಳವೆಯ ಬಾಯಿಗೆ ಇನ್ನೊಂದು ಕೊಳವೆಯ ತುಂಡನ್ನು ಭದ್ರವಾಗಿ ಜೋಡಿಸಿ ಯಂತ್ರದವರೆಗೆ ತರಬೇಕು.

ಮೋಟಾರು ಚಾಲೂ ಮಾಡುವ ಮೊದಲು ಅಲಗನ್ನು ಕೈಯಿಂದಲೇ ಕೊಳವೆಯೊಳಗೆ ಸಾಕಷ್ಟು ದೂರ ತಳ್ಳಿರಬೇಕು. ಬಳಿಕ ಸ್ಪ್ರಿಂಗನ್ನು ಅರ್ಧ ಅಡಿಯಿಂದ ಒಂದು ಅಡಿಯಷ್ಟು ಮಾತ್ರ ಎಳೆದು ನಿಧಾನವಾಗಿ ಒಳಗೆ ಬಿಡುತ್ತ ಹೋಗಬೇಕು. ಎರಡೂ ಕೈ ಸ್ಪ್ರಿಂಗಿನ ಮೇಲಿರಬೇಕು, ಕಾಲು ಸ್ವಿಚ್ಚಿನ ಮೇಲಿರಬೇಕು. ಸ್ವಿಚ್ಚೂ ಸ್ಪ್ರಿಂಗೂ ಒಬ್ಬನದೇ ವಶದಲ್ಲಿರಬೇಕೆಂಬುದು ಈ ಕೆಲಸದ ಮೂಲ ನಿಯಮ. ಒಬ್ಬ ಸ್ಪ್ರಿಂಗ್ ಹಿಡಿದು ಇನ್ನೊಬ್ಬ ಸ್ವಿಚ್ ಒತ್ತುವ ಪದ್ಧತಿಯಲ್ಲಿ ‘ನಿಲ್ಲಿಸು’ ಎಂಬ ಕೂಗು ಕಿವಿಗೆ ಬಿದ್ದು ಕಾಲು ಮೇಲೇಳುವಷ್ಟರಲ್ಲಿ ಹೊಸೆತ ತುಂಬಿರುತ್ತದೆ. ಸ್ಪ್ರಿಂಗು ಬಿಗಿಯುವುದನ್ನು ಮೊದಲು ತಿಳಿಯುವುದು ಅದನ್ನು ಹಿಡಿದ ಕೈ. ಆದ್ದರಿಂದ ನಿಲ್ಲಿಸುವ ಕಾಲೂ ಆ ಕೈಯವನದೇ ಆಗಿರಬೇಕು. ಎರಡನೆಯ ವ್ಯಕ್ತಿಯೂ ಸ್ಥಳದಲ್ಲಿರಬೇಕು. ಜನರನ್ನು, ಮಕ್ಕಳನ್ನು ದೂರವಿಡುವುದು, ನೀರು ಹರಿಸುವುದು, ತುರ್ತಿನಲ್ಲಿ ಪ್ಲಗ್ ಕೀಳುವುದು ಅವನ ಕೆಲಸ.

ಸ್ಪ್ರಿಂಗು ಬಿಗಿದ ಕೂಡಲೇ, ಬಾಗತೊಡಗಿದ ಕೂಡಲೇ ಕಾಲು ತೆಗೆಯಬೇಕು. ಒತ್ತಾಯದಿಂದ ತಳ್ಳಬಾರದು, ಕತ್ತರಿಸುವ ಕೆಲಸ ಅಲಗಿನದು, ಭುಜದ್ದಲ್ಲ. ಅಲಗು ಸಿಲುಕಿಕೊಂಡರೆ ಮೋಟಾರು ಪೂರ್ಣವಾಗಿ ನಿಂತ ಮೇಲೆ ಕೆಲವೇ ಕ್ಷಣ ಹಿಮ್ಮುಖವಾಗಿ ತಿರುಗಿಸಿ ಬಿಡಿಸಿಕೊಳ್ಳಬೇಕು. ಹಿಮ್ಮುಖ ಚಲನೆ ಇರುವುದು ಅಷ್ಟಕ್ಕೇ. ಸ್ಪ್ರಿಂಗನ್ನು ಹೊರಗೆಳೆದುಕೊಳ್ಳುವಾಗ ಮುಮ್ಮುಖ ಚಲನೆಯೇ ಇರಬೇಕು. ಅಲಗು ಬಾಯಿಗೆ ಬರುವ ಮುನ್ನ ತಿಳಿಯುವಂತೆ ಸ್ಪ್ರಿಂಗಿಗೆ ಬಣ್ಣದ ಗುರುತು ಹಾಕಿರಬೇಕು. ಆ ಗುರುತು ಕಂಡೊಡನೆ ಮೋಟಾರು ನಿಲ್ಲಿಸಿ ಉಳಿದ ಭಾಗವನ್ನು ಕೈಯಿಂದಲೇ ಎಳೆದುಕೊಳ್ಳಬೇಕು. ತಿರುಗುತ್ತಿರುವ ಅಲಗು ಹೊರಗೆ ಬಂದರೆ ಚಾಟಿಯಂತೆ ಬೀಸುತ್ತದೆ.

ಕೈ ಸಿಲುಕಿದ ಸಂದರ್ಭದಲ್ಲಿ ಮೋಟಾರನ್ನು ಹಿಮ್ಮುಖವಾಗಿ ತಿರುಗಿಸಿ ಬಿಡಿಸಲು ಯತ್ನಿಸಬಾರದು. ಪ್ಲಗ್ ಕಿತ್ತು, 108 ಅಥವಾ 112ಕ್ಕೆ ಕರೆ ಮಾಡಿ, ಸ್ಪ್ರಿಂಗನ್ನು ಕೈಯಿಂದ ಸಡಿಲಿಸಬೇಕು.

ಯಂತ್ರ ಸಲ್ಲದ ಸ್ಥಳ

ಈ ಯಂತ್ರವು ಕೊಳವೆಗೆ ಮಾತ್ರ ಮೀಸಲು. ಸೆಪ್ಟಿಕ್ ಟ್ಯಾಂಕನ್ನು ಬರಿದು ಮಾಡಲು ಹೀರು ಯಂತ್ರದ ವಾಹನವನ್ನೇ ಕರೆಸಬೇಕು. ಸ್ಪ್ರಿಂಗು ಒಳಗೆ ತುಂಡಾದರೂ, ಅಲಗು ಕಳಚಿ ಬಿದ್ದರೂ, ಅದನ್ನು ತೆಗೆಯಲು ಯಾರೂ ಗುಂಡಿಗೆ ಇಳಿಯಕೂಡದು. ಅಲ್ಲಿ ಸೇರಿರುವ ಹೈಡ್ರೋಜನ್ ಸಲ್ಫೈಡ್ ಅನಿಲವು ಗಾಳಿಗಿಂತ ಭಾರ. ಕೊಳೆತ ಮೊಟ್ಟೆಯ ವಾಸನೆ ಅದರ ಲಕ್ಷಣ. ಆದರೆ ಪ್ರಮಾಣವು ಹತ್ತು ಲಕ್ಷಕ್ಕೆ ನೂರು ಭಾಗದ ಆಸುಪಾಸಿಗೆ ಏರಿದಾಗ ಮೂಗು ವಾಸನೆಯನ್ನೇ ಗ್ರಹಿಸದಾಗುತ್ತದೆ. ವಾಸನೆ ಹೋಯಿತೆಂದು ಇಳಿದವನು ಮೇಲೆ ಬರುವುದಿಲ್ಲ. ಅವನನ್ನು ಎತ್ತಲು ಇಳಿದವನೂ ಬರುವುದಿಲ್ಲ. ಮಿಥೇನ್ ಅನಿಲಕ್ಕೆ ಕಿಡಿ ಸಾಕು. ಆದ್ದರಿಂದ ತೆರೆದ ಗುಂಡಿಯ ಬಳಿ ಬೀಡಿ, ಬೆಂಕಿಕಡ್ಡಿ ನಿಷಿದ್ಧ.

ಕೆಲಸದ ನಂತರ

ಸ್ಪ್ರಿಂಗನ್ನು ಶುದ್ಧ ನೀರಿನಿಂದ ತೊಳೆದು, ಡ್ರಮ್ಮಿನ ನೀರು ಬಸಿದು, ಒಣಗಿಸಿ ಎಣ್ಣೆ ಸವರಿಡಬೇಕು. ಇಂದಿನ ತುಕ್ಕು ನಾಳೆ ಸ್ಪ್ರಿಂಗ್ ತುಂಡಾಗಲು ಕಾರಣವಾಗುತ್ತದೆ. ಕೈ, ಮುಖಗಳನ್ನು ಸೋಪಿನಿಂದ ತೊಳೆಯದೆ ನೀರು ಕುಡಿಯುವುದು, ಎಲೆ ಅಡಿಕೆ ಹಾಕುವುದು ಕೂಡದು. ಸಣ್ಣ ಗೀರು ಗಾಯಕ್ಕೂ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ಧನುರ್ವಾಯು ಚುಚ್ಚುಮದ್ದಿನ ಅಗತ್ಯವನ್ನು ವಿಚಾರಿಸಬೇಕು. ಚರಂಡಿ ಕೆಲಸ ಮಾಡಿದ ಕೆಲ ದಿನಗಳಲ್ಲಿ ಜ್ವರ ಬಂದರೆ ಇಲಿಜ್ವರವಿರಬಹುದು. ತಾನು ಚರಂಡಿಯಲ್ಲಿ ಕೆಲಸ ಮಾಡುವವನೆಂದು ವೈದ್ಯರಿಗೆ ಮೊದಲೇ ತಿಳಿಸುವುದು ಜೀವ ಉಳಿಸುವ ಮಾತು. ಅದನ್ನು ಹೇಳಲು ಸಂಕೋಚ ಬೇಡ.

ಪಂಚಾಯಿತಿಯ ಹೊಣೆ

ಮೇಲಿನ ನಿಯಮಗಳೆಲ್ಲವೂ ಕಾರ್ಮಿಕನಿಗೆ ಹೇಳಿದವು. ಆದರೆ ಅವುಗಳನ್ನು ಪಾಲಿಸಲು ಅವನಿಗೆ ಬಿಡುವವರು ಬೇರೆಯವರು. ಹರಿದ ಕೈಗವಸಿಗೆ ಬದಲಿ ಕೊಡುವುದು, ಕೆಟ್ಟ ಸ್ವಿಚ್ಚಿನ ದುರಸ್ತಿಗೆ ಹಣ ಮಂಜೂರು ಮಾಡುವುದು, ಎರಡನೆಯ ಆಳನ್ನು ಕಳುಹಿಸುವುದು ಅವನ ಕೈಯಲ್ಲಿಲ್ಲ. ಹಬ್ಬದ ಹಿಂದಿನ ದಿನ, ಸಂತೆಯ ಬೆಳಿಗ್ಗೆ, ‘ಬೇಗ ಮುಗಿಸು’ ಎಂದು ಅವಸರಿಸುವ ದನಿಯೂ ಅವನದಲ್ಲ. ಸ್ಪ್ರಿಂಗು ಬಿಗಿದಾಗ ಕಾಲು ತೆಗೆಯಬೇಕೆಂದು ಕಲಿಸಿ, ಕಾಲು ತೆಗೆದವನನ್ನು ಗದರಿಸಿದರೆ, ಕಲಿಸಿದ್ದು ವ್ಯರ್ಥ.

ಆದ್ದರಿಂದ ಪ್ರತಿ ಗ್ರಾಮ ಪಂಚಾಯಿತಿಯು ತನ್ನ ಸಾಮಾನ್ಯ ಸಭೆಯಲ್ಲಿ ಮೂರು ವಿಷಯಗಳನ್ನು ನಿರ್ಣಯವಾಗಿ ದಾಖಲಿಸುವುದು ಉಚಿತ. ಒಂದು, ತರಬೇತಿ ಪಡೆಯದವರ ಕೈಗೆ ಯಂತ್ರವನ್ನು ಕೊಡತಕ್ಕದ್ದಲ್ಲ. ಎರಡು, ಯಂತ್ರ ಹೊರಡುವ ಮುನ್ನ ಕೈಗವಸು, ಕಾಲಿನ ಸ್ವಿಚ್, ಆರ್‌ಸಿಸಿಬಿ ಮತ್ತು ಸ್ಪ್ರಿಂಗಿನ ಸ್ಥಿತಿಯನ್ನು ವಹಿಯಲ್ಲಿ ಬರೆದು, ಯಂತ್ರ ನಡೆಸುವವನೂ ಕಳುಹಿಸುವ ಅಧಿಕಾರಿಯೂ ಸಹಿ ಮಾಡತಕ್ಕದ್ದು. ಮೂರು, ಅಪಾಯ ಕಂಡಾಗ ಕೆಲಸ ನಿಲ್ಲಿಸುವ ಅಧಿಕಾರ ಯಂತ್ರ ನಡೆಸುವವನದು; ಅದಕ್ಕಾಗಿ ಅವನ ಕೂಲಿಯನ್ನು ಕಡಿತಗೊಳಿಸತಕ್ಕದ್ದಲ್ಲ.

ಗುತ್ತಿಗೆದಾರನಿಗೆ ವಹಿಸಿದ ಮಾತ್ರಕ್ಕೆ ಹೊಣೆ ತಪ್ಪುವುದಿಲ್ಲ. 7ನೆಯ ಪ್ರಕರಣದ ಮೊದಲ ಉಲ್ಲಂಘನೆಗೆ ಎರಡು ವರ್ಷದವರೆಗೆ ಸೆರೆವಾಸ ಅಥವಾ 2 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದಾಗಿದೆ. ಒಳಚರಂಡಿ ಕೆಲಸದಲ್ಲಿ ಮಡಿದವರ ಕುಟುಂಬಕ್ಕೆ ಕೊಡಬೇಕಾದ ಪರಿಹಾರವನ್ನು ಸರ್ವೋಚ್ಚ ನ್ಯಾಯಾಲಯವು 2014ರಲ್ಲಿ 10 ಲಕ್ಷ ರೂಪಾಯಿ ಎಂದು ನಿಗದಿಪಡಿಸಿ, 2023ರ ಅಕ್ಟೋಬರ್‌ನಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಆದರೆ ಯಾವ ಮೊತ್ತವೂ ತಂದೆಯಿಲ್ಲದ ಮನೆಗೆ ತಂದೆಯನ್ನು ಮರಳಿಸದು. ಅದಕ್ಕಿಂತ ಒಂದು ಜೊತೆ ಚರ್ಮದ ಕೈಗವಸು, ಒಂದು ಸುಸ್ಥಿತಿಯ ಸ್ವಿಚ್, ಹತ್ತು ನಿಮಿಷದ ತಪಾಸಣೆ ಅಗ್ಗ.

ಊರಿನ ನೀರು ಹರಿಯುವಂತೆ ಮಾಡುವವನು ಸಂಜೆ ಹತ್ತು ಬೆರಳುಗಳೊಂದಿಗೆ ಮನೆ ಸೇರಬೇಕು. ಈ ಪಠ್ಯವನ್ನು ಪ್ರತಿ ಪಂಚಾಯಿತಿಯಲ್ಲೂ ಯಂತ್ರ ನಡೆಸುವವರ ಮುಂದೆ ಓದಿ ಹೇಳಿ, ಯಂತ್ರವಿಡುವ ಕೊಠಡಿಯಲ್ಲಿ ಕಾಣುವಂತೆ ಇರಿಸಬೇಕೆಂದು ಕೋರಲಾಗಿದೆ.