ಹನಿ ಹಾಕಿದ ಮೇಲೆ ಕೋಳಿ ಯಾಕೆ ಸೀನುತ್ತೆ?



ಕೊಕ್ಕರೆ ರೋಗ ನಮಗೆಲ್ಲ ಗೊತ್ತು. ಬಂತೆಂದರೆ ಗೂಡು ಖಾಲಿ. ಇದಕ್ಕೆ ರಾಣಿಖೇತ್ ರೋಗ ಅಂತಲೂ ಹೆಸರು. 1926ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಇದನ್ನು ಗುರುತಿಸಿದರು. ಆಮೇಲೆ ನಮ್ಮ ದೇಶದ ರಾಣಿಖೇತ್ ಎಂಬ ಬೆಟ್ಟದೂರಿನಲ್ಲೂ ಕಂಡಿತು. ಬಂದ ಮೇಲೆ ಮದ್ದಿಲ್ಲ. ಬರುವ ಮುಂಚೆಯೇ ಲಸಿಕೆ ಹಾಕಬೇಕು.

ಬ್ರಾಯ್ಲರ್ ಮರಿಗೆ ಸಾಮಾನ್ಯವಾಗಿ 5ರಿಂದ 7ನೇ ದಿನದೊಳಗೆ ಕಣ್ಣಿಗೆ ಒಂದು ಹನಿ ಹಾಕುತ್ತೇವೆ. ಮೂರು ನಾಲ್ಕು ದಿನಕ್ಕೆ ಮರಿಗಳು ಸೀನತೊಡಗುತ್ತವೆ. ಕಣ್ಣು ಒದ್ದೆಯಾಗುತ್ತೆ. "ಮದ್ದು ಹಾಕಿಸಿಯೇ ರೋಗ ಬಂತು, ಮುಂದಿನ ಬ್ಯಾಚಿಗೆ ಬೇಡವೇ ಬೇಡ" ಅನ್ನುವವರು ನಮ್ಮಲ್ಲೇ ಇದ್ದಾರೆ. ಹೆದರಬೇಡಿ. ಒಳಗೆ ಏನು ನಡೆಯುತ್ತೆ ನೋಡೋಣ.

ಈ ಲಸಿಕೆಯಲ್ಲಿ ಇರೋದು ಜೀವಂತ ವೈರಸ್. ವೈರಸ್ ಅಂದರೆ ಕಣ್ಣಿಗೆ ಕಾಣದ ರೋಗಾಣು. ಆದರೆ ಇದು ಸಾಧು ಜಾತಿಯದು. ಕೋಳಿಯ ಉಸಿರಿನ ಕೊಳವೆಯ ಒಳಗೋಡೆಯಲ್ಲಿ ಸಣ್ಣ ಸಣ್ಣ ಕೂದಲುಗಳಿವೆ. ಗಾಳಿಗೆ ಪೈರು ತೂಗುವ ಹಾಗೆ ಅವು ಸದಾ ಆಡುತ್ತವೆ. ಧೂಳು, ರೋಗಾಣು ಬಂದರೆ ಲೋಳೆಯ ಜೊತೆ ಮೇಲಕ್ಕೆ ಗುಡಿಸುತ್ತವೆ. ಲಸಿಕೆಯ ವೈರಸ್ ಈ ಗೋಡೆಯಲ್ಲೇ ಬೆಳೆಯುತ್ತೆ. ಆಗ ಅಲ್ಲಲ್ಲಿ ಕೂದಲು ಉದುರುತ್ತೆ, ಗೋಡೆ ಊದುತ್ತೆ, ಲೋಳೆ ಹೆಚ್ಚುತ್ತೆ. ಅದಕ್ಕೇ ಸೀನು. ರಕ್ತದ ಕಾವಲು ಕಣಗಳು ಅಲ್ಲಿಗೆ ಬಂದು ಸೇರುತ್ತವೆ. ಕಣ್ಣುಗುಡ್ಡೆಯ ಹಿಂದೆಯೂ ಒಂದು ಗ್ರಂಥಿ ಇದೆ. ಅದೂ ರೋಗ ತಡೆಯುವ ವಸ್ತು ತಯಾರಿಸುತ್ತೆ. ಕಣ್ಣಿನ ಹನಿ ಚೆನ್ನಾಗಿ ಹಿಡಿಯೋದು ಇದಕ್ಕೇ. ಒಂದೆರಡು ವಾರದಲ್ಲಿ ಗೋಡೆ ಮಾಗಿ ಕೂದಲು ಮತ್ತೆ ಬರುತ್ತೆ.

ಕಷ್ಟ ಇರೋದು ನಡುವಿನ ದಿನಗಳಲ್ಲಿ. ಪೊರಕೆ ಇಲ್ಲದ ಮನೆಯಲ್ಲಿ ಕಸ ಒಳಗೇ ಉಳಿಯುತ್ತಲ್ಲ, ಹಾಗೆ. ಶೆಡ್ಡಿನ ಹೊಟ್ಟು ಒದ್ದೆಯಾದರೆ ಅಮೋನಿಯಾ ಘಾಟು ಏಳುತ್ತೆ. ಆ ಘಾಟೂ ಕೂದಲನ್ನು ಕೆಡಿಸುತ್ತೆ. ಆಗ ಹಿಕ್ಕೆಯಲ್ಲಿರುವ ಇ. ಕೋಲಿ ಎಂಬ ರೋಗಾಣು ಧೂಳಿನ ಜೊತೆ ಕೋಳಿಯ ಗಾಳಿಚೀಲಕ್ಕೆ ಇಳಿಯುತ್ತೆ. ಅಂಥ ಕೋಳಿ ಸತ್ತು, ಡಾಕ್ಟರು ಕೊಯ್ದು ತೋರಿಸಿದರೆ ಗುಂಡಿಗೆ, ಈಲಿಯ ಮೇಲೆ ಬಿಳಿ-ಹಳದಿ ಪೊರೆ ಕಾಣುತ್ತೆ. ಉಳಿದ ಕೋಳಿಗೂ ತೂಕ ಬರಲ್ಲ. ಮೇವಿನ ಸಾಲ ಮಾತ್ರ ನಿಲ್ಲುತ್ತೆ. ಜನ ಲಸಿಕೆಯನ್ನು ಬೈತಾರೆ. ಬಹಳ ಸಲ ತಪ್ಪು ಒದ್ದೆ ಹೊಟ್ಟಿನದು!

ಶೆಡ್ಡಿನಲ್ಲಿ ನಿಂತು ಮೂಸಿದರೆ ಘಾಟು ತಿಳಿಯಲ್ಲ. ಮರಿಯ ಎತ್ತರಕ್ಕೆ ಕುಕ್ಕರಗಾಲಲ್ಲಿ ಕೂತು ಉಸಿರೆಳೆಯಿರಿ. ಕಣ್ಣು ಉರಿದರೆ ಪರದೆ ಮೇಲಿನಿಂದ ಸ್ವಲ್ಪ ತೆರೆಯಿರಿ. ಚಳಿ ಅಂತ ಪೂರ್ತಿ ಮುಚ್ಚಬೇಡಿ. ಒದ್ದೆ ಹೊಟ್ಟು ತೆಗೆದು ಒಣ ಹೊಟ್ಟು ಹರಡಿ. ಈ ಕೆಲಸ ಹನಿ ಹಾಕುವ ಮುಂಚೆಯೇ ಆಗಲಿ. ಆಗಲೇ ಗೊರಗೊರ ಅನ್ನುತ್ತಿರುವ ಮರಿಗೆ ಡಾಕ್ಟರನ್ನು ಕೇಳದೆ ಲಸಿಕೆ ಹಾಕಬೇಡಿ.

ಮೂರು ನಾಲ್ಕನೇ ವಾರ ಲಸೋಟ ಲಸಿಕೆಯನ್ನು ನೀರಲ್ಲಿ ಕೊಡುತ್ತಾರೆ. ಬ್ಲೀಚಿಂಗ್ ಪುಡಿ ಹಾಕಿದ ನೀರು ಬೇಡ, ಲಸಿಕೆ ಸಾಯುತ್ತೆ. ಎರಡು ಗಂಟೆಯೊಳಗೆ ಕುಡಿದು ಮುಗಿಯಬೇಕು.

ಸೀನು ವಾರ ದಾಟಿದರೆ, ಕತ್ತು ತಿರುಚಿದರೆ, ಹಸಿರು ಹಿಕ್ಕೆ ಕಂಡರೆ ತಡಮಾಡದೆ ಪಶು ಆಸ್ಪತ್ರೆಗೆ ತಿಳಿಸಿ.

ಇನ್ನೊಂದು ಮಾತು. ಈ ಹನಿ ನಮ್ಮ ಕಣ್ಣಿಗೆ ಬಿದ್ದರೆ ನಮಗೂ ಕಣ್ಣು ಕೆಂಪಾಗುತ್ತೆ. ಹನಿ ಹಾಕುವಾಗ ಸೆರಗಿನಿಂದ, ಕೈಯಿಂದ ಕಣ್ಣೊರೆಸಬೇಡಿ. ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ. ಖಾಲಿ ಸೀಸೆ ಮಕ್ಕಳ ಕೈಗೆ ಸಿಗದಿರಲಿ.